ದುಬಾರಿ ಚಿಪ್ಪಿನಲ್ಲಿ ಮುತ್ತಿದೆಯೇ?

ಪಿಯುಸಿ ಫಲಿತಾಂಶ ಬಂದು, ಸಿಇಟಿ ರ್‍ಯಾಂಕ್ ತಿಳಿದು, ಸೀಟು ಹಂಚಿಕೆಯ ಗಡಿಬಿಡಿ ಮುಗಿಯುವ ಹೊತ್ತಿಗೆ ಸಾವಿರಾರು ಮನೆಗಳಲ್ಲಿ ಒಂದೇ ಚರ್ಚೆ ಶುರುವಾಗುತ್ತದೆ. ಮಗನಿಗೋ ಮಗಳಿಗೋ ಕಂಪ್ಯೂಟರ್ ಕೊಡಿಸಬೇಕು, ಯಾವುದನ್ನು? ಕಾಲೇಜಿನ ಹಿರಿಯ ವಿದ್ಯಾರ್ಥಿಗಳು ಒಂದು ಹೆಸರು ಹೇಳುತ್ತಾರೆ. ಅಂಗಡಿಯವರು ಇನ್ನೊಂದು ಹೇಳುತ್ತಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಸೋದರಮಾವನದು ಮೂರನೆಯ ಸಲಹೆ. ಕೊನೆಗೆ ಮಾತು ಬಂದು ನಿಲ್ಲುವುದು ಗಣಕದ ಮಿದುಳು ಎನಿಸಿಕೊಂಡ ಪ್ರೊಸೆಸರ್ ಮೇಲೆ. ಐ3 ಸಾಕೇ, ಐ5 ಬೇಕೇ, ಐ7 ಇಲ್ಲದಿದ್ದರೆ ನಾಲ್ಕು ವರ್ಷ ತಳ್ಳಲು ಆಗುವುದೇ ಇಲ್ಲವೇ?

ಒಂದು ಮೆಟ್ಟಿಲಿಗೂ ಅದರ ಮೇಲಿನ ಮೆಟ್ಟಿಲಿಗೂ ಇರುವ ಬೆಲೆಯ ಅಂತರ ಕೆಲವು ಕುಟುಂಬಗಳಿಗೆ ಒಂದು ತಿಂಗಳ ಸಂಬಳ. ಇನ್ನು ಕೆಲವರಿಗೆ ಹಾಸ್ಟೆಲ್ಲಿನ ಹಲವು ತಿಂಗಳ ಊಟದ ಖರ್ಚು. ‘ಓದಿಗೆ ತಾನೇ, ಕಡಿಮೆ ಮಾಡುವುದು ಬೇಡ’ ಎಂದು ಸಾಲ ಮಾಡಿ ಕೊಡಿಸುವವರೂ ಇದ್ದಾರೆ. ಹೀಗೆ ಅಕ್ಕರೆಯಿಂದ ಸುರಿದ ಆ ಹೆಚ್ಚಿನ ಹಣ ನಿಜವಾಗಿ ಏನನ್ನು ತಂದುಕೊಡುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ.

ಉತ್ತರವನ್ನು ಮೊದಲೇ ಹೇಳಿಬಿಡಬಹುದು. ತೀರಾ ಕೆಳಗಿನ ಮೆಟ್ಟಿಲಿನಿಂದ ನಡುವಿನ ಮೆಟ್ಟಿಲಿಗೆ ಏರಲು ಕೊಟ್ಟ ಹಣ ಬಹುಮಟ್ಟಿಗೆ ಸಾರ್ಥಕ. ನಡುವಿನಿಂದ ತುದಿಗೆ ಏರಲು ಕೊಟ್ಟ ಹಣ ಕೆಲವೇ ಕೆಲವು ಕೆಲಸಗಳಿಗೆ ಮಾತ್ರ ಸಾರ್ಥಕ. ಆ ಕೆಲಸ ಯಾವುದೆಂದು ತಿಳಿಯದೆ ತುದಿಯದನ್ನು ಕೊಂಡರೆ ಕೊಂಡದ್ದು ವೇಗವನ್ನಲ್ಲ, ಹೆಸರನ್ನು.

ಒಂದೇ ತೋಟದ ಅಡಿಕೆ

ಇದು ಅರ್ಥವಾಗಬೇಕಾದರೆ ಪ್ರೊಸೆಸರ್‌ಗಳ ಬೆಲೆಯ ಏಣಿ ಹೇಗೆ ತಯಾರಾಗುತ್ತದೆ ಎಂಬುದನ್ನು ನೋಡಬೇಕು. ಸುಮಾರು ಊಟದ ತಟ್ಟೆಯಷ್ಟು ಅಗಲದ, 300 ಮಿಲಿಮೀಟರ್ ವ್ಯಾಸದ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್‌ಗಳನ್ನು ಒಟ್ಟಿಗೇ ಮೂಡಿಸುತ್ತಾರೆ. ಎಲ್ಲವೂ ಒಂದೇ ನಕ್ಷೆಯವು, ಒಂದೇ ಒಲೆಯಲ್ಲಿ ಬೆಂದವು. ಆದರೂ ಎಲ್ಲವೂ ಒಂದೇ ಸಮ ಇರುವುದಿಲ್ಲ. ಕಣ್ಣಿಗೆ ಕಾಣದ ದೂಳಿನ ಕಣವೊಂದು ಬಿದ್ದು ಒಂದರ ಮೂಲೆ ಕೆಟ್ಟಿರುತ್ತದೆ. ಮತ್ತೊಂದು ಹೆಚ್ಚು ವೇಗಕ್ಕೆ ತಳ್ಳಿದರೆ ತಪ್ಪು ಲೆಕ್ಕ ಹಾಕುತ್ತದೆ. ಪ್ರತಿಯೊಂದನ್ನೂ ಪರೀಕ್ಷಿಸಿ ವಿಂಗಡಿಸುತ್ತಾರೆ. ಎಲ್ಲ ಭಾಗಗಳೂ ಸರಿಯಿದ್ದು ವೇಗಕ್ಕೂ ತಡೆದದ್ದು ಮೇಲಿನ ದರ್ಜೆಗೆ. ಒಂದೆರಡು ಭಾಗ ಕೆಟ್ಟದ್ದು, ಆ ಭಾಗವನ್ನು ಮುಚ್ಚಿಸಿಕೊಂಡು ಕೆಳಗಿನ ದರ್ಜೆಗೆ.

ಶಿವಮೊಗ್ಗದ ಅಡಿಕೆ ಮಂಡಿ ಕಂಡವರಿಗೆ ಇದು ಹೊಸದೇನಲ್ಲ. ಒಂದೇ ತೋಟದ ಅಡಿಕೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆಬೇರೆ ಹೆಸರಿನಲ್ಲಿ, ಬೇರೆಬೇರೆ ದರಕ್ಕೆ ಹೋಗುತ್ತದೆ. ಕೆಳಗಿನ ದರ್ಜೆಯ ಚಿಪ್ ಎಂದರೆ ಕೆಟ್ಟ ಚಿಪ್ ಎಂದಲ್ಲ. ತನಗೆ ನಿಗದಿಪಡಿಸಿದ ಕೆಲಸವನ್ನು ಅದು ಮೇಲಿನದರಷ್ಟೇ ನಿಖರವಾಗಿ ಮಾಡುತ್ತದೆ.

ಆದರೆ ಒಂದು ವ್ಯತ್ಯಾಸವುಂಟು. ಗೊರಬಲನ್ನು ಸರಕು ಎಂದು ಮಾರಲಾಗದು. ಸರಕನ್ನು ಬೇಕೆಂದೇ ಗೊರಬಲು ಎಂದು ಮಾರುವ ರೈತನೂ ಇಲ್ಲ. ಚಿಪ್ ವ್ಯಾಪಾರದಲ್ಲಿ ಅದೂ ನಡೆದಿದೆ. ಇಂಟೆಲ್ ಕಂಪನಿಯ 486 ಪ್ರೊಸೆಸರ್ 1989ರಲ್ಲಿ ಬಂದಾಗ ದಶಾಂಶ ಲೆಕ್ಕಗಳನ್ನು ವೇಗವಾಗಿ ಮಾಡುವ ಗಣಿತ ಘಟಕ ಅದರೊಳಗೇ ಇತ್ತು. 1991ರಲ್ಲಿ ಕಂಪನಿ ‘486 ಎಸ್‌ಎಕ್ಸ್’ ಎಂಬ ಅಗ್ಗದ ತಮ್ಮನನ್ನು ಬಿಟ್ಟಿತು. ಮೊದಮೊದಲ ಎಸ್‌ಎಕ್ಸ್ ಚಿಪ್‌ಗಳಲ್ಲೂ ಆ ಗಣಿತ ಘಟಕ ಇದ್ದೇ ಇತ್ತು. ಕೆಲಸ ಮಾಡದಂತೆ ಅದನ್ನು ಮುಚ್ಚಲಾಗಿತ್ತು, ಅಷ್ಟೇ. ಮುಂದೆ ಗಣಿತ ಘಟಕ ಬೇಕೆನಿಸಿದವರು ‘487 ಎಸ್‌ಎಕ್ಸ್’ ಎಂಬ ಇನ್ನೊಂದು ಚಿಪ್ ಕೊಂಡು ಪಕ್ಕದ ಗುಳಿಯಲ್ಲಿ ಕೂರಿಸಬೇಕಿತ್ತು. ಆ 487 ಏನೆಂದುಕೊಂಡಿರಿ? ಒಂದು ಹೆಚ್ಚಿನ ಪಿನ್ ಇದ್ದ ಪೂರ್ತಿ 486 ಪ್ರೊಸೆಸರ್! ಅದು ಕೂತ ಕೂಡಲೇ ಹಳೆಯ ಚಿಪ್ ನಿದ್ದೆಹೋಗುತ್ತಿತ್ತು. ಕೊಂಡವರು ಎರಡು ಎತ್ತಿಗೆ ದುಡ್ಡು ಕೊಟ್ಟು ಒಂದರಲ್ಲಿ ಹೂಡುತ್ತಿದ್ದರು.

2010ರಲ್ಲಿ ಇದೇ ಕಂಪನಿ ‘ಪೆಂಟಿಯಂ ಜಿ6951’ ಎಂಬ ಚಿಪ್ ಜೊತೆಗೆ ಇನ್ನೂ ನೇರವಾದ ದಾರಿ ಹಿಡಿಯಿತು. 50 ಡಾಲರ್ ಕೊಟ್ಟು ಒಂದು ಕಾರ್ಡ್ ಕೊಳ್ಳಬೇಕು. ಅದರ ಮೇಲಿನ ಸಂಕೇತವನ್ನು ಕಂಪ್ಯೂಟರಿಗೆ ಊಡಿಸಿದರೆ ಚಿಪ್‌ನೊಳಗೆ ಬೀಗ ಹಾಕಿಟ್ಟಿದ್ದ ಹೆಚ್ಚಿನ ಸ್ಮೃತಿಯೂ ಕೌಶಲವೂ ತೆರೆದುಕೊಳ್ಳುತ್ತಿದ್ದವು. ಚಿಪ್ ಅದೇ, ಸಿಲಿಕಾನ್ ಅದೇ. ಮಾರಿದ್ದು ಬೀಗದ ಕೈ. ಟೀಕೆಗಳು ಬಂದವು; ಯೋಜನೆ ಹೆಚ್ಚು ದಿನ ಬಾಳಲಿಲ್ಲ.

ಇದರಲ್ಲಿ ಮೋಸವಿದೆ ಎಂದು ಹೇಳುವುದು ಸರಿಯಾಗದು. ಒಂದು ಹೊಸ ಚಿಪ್ ಸಿದ್ಧಪಡಿಸಲು ತಗಲುವ ಖರ್ಚು ಅಪಾರ. ಕೊಡಬಲ್ಲವರಿಂದ ಹೆಚ್ಚು, ಕೊಡಲಾಗದವರಿಂದ ಕಡಿಮೆ ಪಡೆದು ಆ ಖರ್ಚನ್ನು ಹೊಂದಿಸುತ್ತಾರೆ. ಪಾಲಕರು ತಿಳಿಯಬೇಕಾದ್ದು ಇಷ್ಟೇ: ಬೆಲೆ ಎರಡರಷ್ಟಿದೆ ಎಂದ ಮಾತ್ರಕ್ಕೆ ಒಳಗಿನ ಸರಕು ಎರಡರಷ್ಟಿದೆ ಎಂದರ್ಥವಲ್ಲ.

ಎರಡು ನಿಮಿಷಕ್ಕೆ ನೂರಹತ್ತು ಡಾಲರ್

ಏಣಿಯ ತುದಿಯಲ್ಲಿ ಏನಾಗುತ್ತದೆ ಎಂಬುದಕ್ಕೆ ಒಂದು ನಿಜ ಉದಾಹರಣೆ. 2022ರ ಅಕ್ಟೋಬರಿನಲ್ಲಿ ಬಂದ ಮೇಜಿನ ಕಂಪ್ಯೂಟರಿನ ‘ಐ9-13900ಕೆ’ ಚಿಪ್‌ನ ಗರಿಷ್ಠ ವೇಗ 5.8 ಗಿಗಾಹರ್ಟ್ಸ್, ಅಮೆರಿಕದ ಪಟ್ಟಿ ಬೆಲೆ 589 ಡಾಲರ್. ಮೂರು ತಿಂಗಳ ನಂತರ, 2023ರ ಜನವರಿಯಲ್ಲಿ, ಇದೇ ಬಗೆಯ ಚಿಪ್‌ಗಳಲ್ಲಿ ಆಯ್ದು ತೆಗೆದವನ್ನು ‘13900ಕೆಎಸ್’ ಎಂದು ಮಾರಾಟಕ್ಕಿಟ್ಟರು. ಗರಿಷ್ಠ ವೇಗ 6 ಗಿಗಾಹರ್ಟ್ಸ್. ಬೆಲೆ 699 ಡಾಲರ್.

ವೇಗ ಏರಿದ್ದು ನೂರಕ್ಕೆ ಮೂರೂವರೆಯಷ್ಟು, ಬೆಲೆ ಏರಿದ್ದು ನೂರಕ್ಕೆ ಸುಮಾರು 19ರಷ್ಟು. ಒಂದು ಗಂಟೆ ಹಿಡಿಯುವ ಕೆಲಸ, ಎಲ್ಲವೂ ಅನುಕೂಲವಾಗಿದ್ದರೆ, 58 ನಿಮಿಷಕ್ಕೆ ಮುಗಿದೀತು. ಉಳಿದ ಎರಡು ನಿಮಿಷಕ್ಕೆ 110 ಡಾಲರ್. ಅದೇ ಪೀಳಿಗೆಯ ನಡುಮೆಟ್ಟಿಲಿನ ‘ಐ5-13600ಕೆ’ ಬೆಲೆ 319 ಡಾಲರ್ ಇತ್ತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ವೇಗದ ಅಂಕಿಯ ಬೆನ್ನು ಹತ್ತುವ ಆಟ ಹಳೆಯದು. ಪೆಂಟಿಯಂ 4 ಪ್ರೊಸೆಸರ್ 2002ರ ನವೆಂಬರಿನಲ್ಲಿ 3 ಗಿಗಾಹರ್ಟ್ಸ್ ದಾಟಿದಾಗ ಎಲ್ಲರೂ ಮುಂದಿನ ವರ್ಷ ನಾಲ್ಕು, ಅದರ ಮುಂದೆ ಹತ್ತು ಎಂದು ಲೆಕ್ಕ ಹಾಕುತ್ತಿದ್ದರು. ಚಿಪ್ ಕಾಯುವುದನ್ನು ತಡೆಯಲಾಗದೆ 4 ಗಿಗಾಹರ್ಟ್ಸ್ ಮಾದರಿಯನ್ನು 2004ರಲ್ಲಿ ಕೈಬಿಡಬೇಕಾಯಿತು. 2006ರಲ್ಲಿ ಬಂದ ‘ಕೋರ್ 2 ಡ್ಯುಯೊ’ ಎರಡೂವರೆ ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಓಡುತ್ತ ಹಳೆಯದನ್ನು ಹಿಂದೆ ಹಾಕಿತು. ಹೆಜ್ಜೆ ಬೇಗಬೇಗ ಹಾಕುವುದಕ್ಕಿಂತ ಒಂದೊಂದು ಹೆಜ್ಜೆಗೆ ಹೆಚ್ಚು ದೂರ ಹೋಗುವುದು ಮುಖ್ಯ ಎಂದು ಅಂದು ಸಾಬೀತಾಯಿತು. ಬೇರೆಬೇರೆ ಪೀಳಿಗೆಯ ಚಿಪ್‌ಗಳನ್ನು ಗಿಗಾಹರ್ಟ್ಸ್ ಒಂದರಿಂದಲೇ ಹೋಲಿಸುವುದು ಇಂದಿಗೂ ದಾರಿ ತಪ್ಪಿಸುತ್ತದೆ.

ಅಡುಗೆಮನೆಯ ಲೆಕ್ಕ

ವೇಗ ಹೆಚ್ಚಿಸುವುದು ಕಷ್ಟವಾದಾಗ ಕಂಪನಿಗಳು ಒಂದೇ ಚಿಪ್‌ನೊಳಗೆ ಹಲವು ಪ್ರೊಸೆಸರ್‌ಗಳನ್ನು ಕೂರಿಸತೊಡಗಿದವು. ಒಂದೊಂದಕ್ಕೆ ‘ಕೋರ್’ ಎಂದು ಹೆಸರು. ಒಂದು ಕಚೇರಿಯಲ್ಲಿ ಒಬ್ಬ ಗುಮಾಸ್ತನ ಬದಲು ನಾಲ್ವರು, ಎಂಟು ಮಂದಿ ಕೂತಂತೆ. ದುಬಾರಿ ಚಿಪ್‌ಗಳ ಮುಖ್ಯ ಆಕರ್ಷಣೆ ಇಂದು ಈ ಕೋರ್‌ಗಳ ಸಂಖ್ಯೆಯೇ.

ಗುಮಾಸ್ತರು ಎರಡರಷ್ಟಾದರೆ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆಯೇ? ಜೀನ್ ಆಮ್‌ಡಾಲ್ ಎಂಬ ಅಮೆರಿಕದ ಗಣಕ ತಜ್ಞ 1967ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಮದುವೆ ಮನೆಯ ಅಡುಗೆಯನ್ನು ನೆನೆಸಿಕೊಂಡರೆ ಅದು ಸುಲಭವಾಗಿ ತಿಳಿಯುತ್ತದೆ. ತರಕಾರಿ ಹೆಚ್ಚಲು ಹತ್ತು ಜನ ಕೂತರೆ ಬೇಗ ಮುಗಿಯುತ್ತದೆ. ಆದರೆ ಬೇಳೆ ಬೇಯುವುದು ಅದರಷ್ಟಕ್ಕೆ ಅದು; ಹಂಡೆಯ ಸುತ್ತ ಐವತ್ತು ಜನ ನಿಂತರೂ ಅದು ಬೇಗ ಬೇಯದು.

ಅಂಕಿಗಳಲ್ಲಿ ನೋಡೋಣ. ಒಂದು ಕೆಲಸಕ್ಕೆ ಒಂದು ಕೋರ್ 100 ನಿಮಿಷ ತೆಗೆದುಕೊಳ್ಳುತ್ತದೆ ಎನ್ನಿ. ಅದರಲ್ಲಿ 60 ನಿಮಿಷದ ಪಾಲನ್ನು ಹಂಚಿಕೊಳ್ಳಬಹುದು, 40 ನಿಮಿಷದ್ದನ್ನು ಹಂಚಲಾಗದು. ನಾಲ್ಕು ಕೋರ್‌ಗಳಿದ್ದರೆ 60ರ ಪಾಲು 15 ನಿಮಿಷಕ್ಕೆ ಇಳಿದು, ಒಟ್ಟು 55 ನಿಮಿಷ. ಎಂಟು ಇದ್ದರೆ ನಲವತ್ತೇಳೂವರೆ. ಹದಿನಾರು ಇದ್ದರೆ 44ಕ್ಕೆ ಸ್ವಲ್ಪ ಕಡಿಮೆ. ಒಂದರಿಂದ ನಾಲ್ಕಕ್ಕೆ ಏರಿದಾಗ ಉಳಿದದ್ದು 45 ನಿಮಿಷ. ಎಂಟರಿಂದ ಹದಿನಾರಕ್ಕೆ ಏರಿದಾಗ ಉಳಿದದ್ದು ನಾಲ್ಕು ನಿಮಿಷವೂ ಇಲ್ಲ. ಸಾವಿರ ಕೋರ್ ಸೇರಿಸಿದರೂ 40 ನಿಮಿಷದ ಕೆಳಗೆ ಇಳಿಯುವಂತಿಲ್ಲ.

ಇನ್ನೊಂದು ಬಗೆಯ ಕೆಲಸವನ್ನೂ ನೋಡಬೇಕು. ನೂರರಲ್ಲಿ 95 ನಿಮಿಷದ ಪಾಲನ್ನು ಹಂಚಬಹುದಾದರೆ ನಾಲ್ಕು ಕೋರ್‌ಗಳು 29 ನಿಮಿಷದೊಳಗೆ ಮುಗಿಸುತ್ತವೆ, ಹದಿನಾರು ಕೋರ್‌ಗಳು 11 ನಿಮಿಷದೊಳಗೆ. ಇಲ್ಲಿ ಹೆಚ್ಚಿನ ದುಡ್ಡಿಗೆ ಹೆಚ್ಚಿನ ಫಲವಿದೆ. ಅಂದರೆ ‘ಈ ಚಿಪ್ ಒಳ್ಳೆಯದೇ?’ ಎಂಬ ಪ್ರಶ್ನೆಗೆ ‘ಯಾವ ಕೆಲಸಕ್ಕೆ?’ ಎಂದು ಮರುಪ್ರಶ್ನೆ ಹಾಕದೆ ಉತ್ತರವೇ ಇಲ್ಲ.

ಕಾಯುವುದು ಯಾರಿಗಾಗಿ?

ವಿದ್ಯಾರ್ಥಿಯ ದಿನನಿತ್ಯದ ಕೆಲಸ ಯಾವುದು? ಟಿಪ್ಪಣಿ ಬರೆಯುವುದು, ಪಾಠದ ವಿಡಿಯೊ ನೋಡುವುದು, ಇಂಟರ್‌ನೆಟ್ಟಿನಲ್ಲಿ ಹುಡುಕುವುದು, ಸಿ, ಜಾವಾ, ಪೈಥಾನ್ ಭಾಷೆಗಳಲ್ಲಿ ಪ್ರಯೋಗಶಾಲೆಯ ಪ್ರೋಗ್ರಾಂ ಬರೆಯುವುದು, ಪ್ರಾಜೆಕ್ಟ್ ವರದಿ ಸಿದ್ಧಪಡಿಸುವುದು. ನೂರು ಸಾಲಿನ ಪ್ರೋಗ್ರಾಂ ಅಗ್ಗದ ಚಿಪ್‌ನಲ್ಲೂ ಕಣ್ಣು ಮಿಟುಕಿಸುವುದರೊಳಗೆ ಓಡಿ ಮುಗಿಯುತ್ತದೆ. ನುಡಿ, ಬರಹದಂಥ ಕನ್ನಡ ತಂತ್ರಾಂಶಗಳು ಎರಡು ದಶಕದ ಹಿಂದಿನ ಯಂತ್ರಗಳಲ್ಲೇ ಸರಾಗವಾಗಿ ನಡೆಯುತ್ತಿದ್ದವು.

ಇಂಥ ಕೆಲಸಗಳಲ್ಲಿ ಕಂಪ್ಯೂಟರ್ ನಿಧಾನವಾಗಿದೆ ಎನಿಸಿದರೆ ತಪ್ಪು ಬಹುತೇಕ ಪ್ರೊಸೆಸರಿನದಲ್ಲ. ಹಳೆಯ ಬಗೆಯ ತಿರುಗುವ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್ ನೋಡಿ. ಅದರ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಒಂದು ಸೆಕೆಂಡಿನ ಸಾವಿರದ ಐದೂವರೆ ಪಾಲು ಬೇಕು. ಮನುಷ್ಯನಿಗೆ ಅದು ಏನೂ ಅಲ್ಲ. ಆದರೆ 4 ಗಿಗಾಹರ್ಟ್ಸ್ ಪ್ರೊಸೆಸರಿನ ಗಡಿಯಾರ ಅಷ್ಟರಲ್ಲಿ 2 ಕೋಟಿ 20 ಲಕ್ಷ ಬಾರಿ ಬಡಿದಿರುತ್ತದೆ. ಅಷ್ಟು ಹೊತ್ತೂ ದುಬಾರಿ ಮಿದುಳು ಮಾಡುವ ಕೆಲಸ ಸುಮ್ಮನೆ ಕಾಯುವುದು. ವೇಗದ ಚಿಪ್ ಕೊಂಡರೆ ಅದು ಇನ್ನಷ್ಟು ವೇಗವಾಗಿ ಕಾಯುತ್ತದೆ! ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಬಂದ ಮೇಲೆ ಈ ಕಾಯುವಿಕೆ ಹತ್ತಾರು ಪಟ್ಟು ತಗ್ಗಿದೆ. ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿದವರು ಹೊಸ ಕಂಪ್ಯೂಟರ್ ಬಂದಂತಾಯಿತು ಎನ್ನುವುದು ಇದಕ್ಕೇ.

ಎರಡನೆಯದು ಮೆಮರಿ. ಇಂಟರ್‌ನೆಟ್ಟಿನ ಹತ್ತಾರು ಪುಟ, ಒಂದು ವಿಡಿಯೊ ತರಗತಿ, ಒಂದು ದೊಡ್ಡ ಕಡತ ಒಟ್ಟಿಗೆ ತೆರೆದಿಟ್ಟರೆ 8 ಗಿಗಾಬೈಟ್ ಮೆಮರಿ ತುಂಬಿಬಿಡುತ್ತದೆ. ತುಂಬಿದ ಕೂಡಲೇ ಹಿಡಿಸದ ಸರಕನ್ನು ಡಿಸ್ಕಿಗೆ ಸಾಗಿಸುವುದು, ಬೇಕಾದಾಗ ಮತ್ತೆ ತರುವುದು ಶುರು. ಮೇಜು ಚಿಕ್ಕದಾದರೆ ಜಾಣ ವಿದ್ಯಾರ್ಥಿಯೂ ಪುಸ್ತಕ ಎತ್ತಿಡುವುದರಲ್ಲೇ ಹೊತ್ತು ಕಳೆಯುತ್ತಾನೆ. 8 ಗಿಗಾಬೈಟ್ ಮೆಮರಿಯ ಐ7 ಯಂತ್ರಕ್ಕಿಂತ 16 ಗಿಗಾಬೈಟ್ ಮೆಮರಿಯ ಐ5 ಯಂತ್ರ ನಾಲ್ಕು ವರ್ಷದ ಓದಿಗೆ ಮೇಲು. ಈಗಿನ ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮೆಮರಿಯನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ. ಮುಂದೆ ಹೆಚ್ಚಿಸೋಣ ಎಂದರೆ ಆಗದು. ಈ ವಿಷಯವನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು.

ಒಂದೇ ಹೆಸರು, ಬೇರೆ ಬೇರೆ ಸರಕು

‘ಐ7 ಎಂದರೆ ಐ5ಗಿಂತ ಮೇಲು’ ಎಂಬ ನಂಬಿಕೆಯೂ ಅಷ್ಟು ಗಟ್ಟಿಯದಲ್ಲ. 2016ರಲ್ಲಿ ಬಂದ ಲ್ಯಾಪ್‌ಟಾಪಿನ ‘ಐ7-7500ಯು’ ಚಿಪ್‌ನಲ್ಲಿದ್ದದ್ದು ಎರಡೇ ಕೋರ್. ಕೆಲವು ತಿಂಗಳಲ್ಲಿ ಬಂದ, ಅದೇ ಪೀಳಿಗೆಯ ಮೇಜಿನ ಕಂಪ್ಯೂಟರಿನ ‘ಐ5-7400’ರಲ್ಲಿ ನಾಲ್ಕು ಕೋರ್. ಅಷ್ಟೇ ಏಕೆ, 2017ರ ಆಗಸ್ಟಿನಲ್ಲಿ ಲ್ಯಾಪ್‌ಟಾಪಿಗೇ ಬಂದ ‘ಐ5-8250ಯು’ನಲ್ಲೂ ನಾಲ್ಕು ಕೋರ್‌ಗಳಿದ್ದವು. ಆ ವರ್ಷದ ಆರಂಭದಲ್ಲಿ ಹೆಚ್ಚು ಹಣ ತೆತ್ತು ಐ7 ಅಂಟುಚೀಟಿಯ ಯಂತ್ರ ಕೊಂಡವರು ವರ್ಷ ಮುಗಿಯುವುದರೊಳಗೆ ಐ5 ಕೊಂಡವರ ಹಿಂದೆ ಬಿದ್ದರು.

ಎಎಂಡಿ ಕಂಪನಿಯ ಹೆಸರುಗಳಲ್ಲೂ ಇಂಥ ಸಿಕ್ಕು ಉಂಟು. 2022ರಲ್ಲಿ ಬಂದ ‘ರೈಜನ್ 5 7520ಯು’ ಹೆಸರಿನಲ್ಲಿ ಹೊಸ 7000ದ ಸರಣಿಯದು; ಒಳಗಿನ ಕೋರ್‌ಗಳ ವಿನ್ಯಾಸ ಮಾತ್ರ 2019ರದು. ಇಂಟೆಲ್ 2023ರಲ್ಲಿ ‘ಐ’ ಅಕ್ಷರವನ್ನೇ ಬಿಟ್ಟು ‘ಕೋರ್ 5’, ‘ಕೋರ್ ಅಲ್ಟ್ರಾ 7’ ಎಂಬ ಹೊಸ ನಾಮಕರಣ ಮಾಡಿತು. ಅಲ್ಟ್ರಾ ಇಲ್ಲದ ಹೆಸರಿನ ಕೆಲವು ಚಿಪ್‌ಗಳ ಒಳಗಿದ್ದದ್ದು ಹಿಂದಿನ ಪೀಳಿಗೆಯ ವಿನ್ಯಾಸ. ಆದ್ದರಿಂದ ಅಂಟುಚೀಟಿ ನೋಡಿ ಕೊಳ್ಳದೆ ಪೂರ್ತಿ ಮಾದರಿ ಸಂಖ್ಯೆ ಬರೆಸಿಕೊಂಡು, ಎಷ್ಟು ಕೋರ್, ಯಾವ ವರ್ಷದ ವಿನ್ಯಾಸ ಎಂದು ತಯಾರಕರ ಪುಟದಲ್ಲೇ ನೋಡಿಕೊಳ್ಳುವುದು ಕ್ಷೇಮ.

ಸಂಖ್ಯೆಯ ಕೊನೆಯ ಅಕ್ಷರವೂ ಮುಖ್ಯ. ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ‘ಯು’ ಎಂದಿದ್ದರೆ ಕಡಿಮೆ ವಿದ್ಯುತ್ ಬಳಸಿ ಬ್ಯಾಟರಿ ಉಳಿಸುವಂಥದ್ದು; ‘ಎಚ್’, ‘ಎಚ್‌ಎಕ್ಸ್’ ಎಂದಿದ್ದರೆ ಹೆಚ್ಚು ವಿದ್ಯುತ್ ನುಂಗಿ ಹೆಚ್ಚು ಕೆಲಸ ಮಾಡುವಂಥದ್ದು. ನುಂಗಿದ ವಿದ್ಯುತ್ತೆಲ್ಲ ಶಾಖವಾಗಿ ಹೊರಬರಲೇಬೇಕು. ತೆಳು ಡಬ್ಬಿಯೊಳಗೆ ಬಲಶಾಲಿ ಚಿಪ್ ಕೂರಿಸಿದರೆ ಅದು ಕಾದು, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ದಾಟುವ ದಿನಗಳಲ್ಲಿ, ಹಾಸಿಗೆಯ ಮೇಲೆ ಇಟ್ಟು ಗಾಳಿಕಿಂಡಿ ಮುಚ್ಚಿಹೋದ ಲ್ಯಾಪ್‌ಟಾಪಿನಲ್ಲಿ, ಕೊಟ್ಟ ಹಣದಷ್ಟು ವೇಗ ಒಂದೆರಡು ನಿಮಿಷ ಸಿಕ್ಕರೆ ಹೆಚ್ಚು.

ತುದಿಯಲ್ಲಿರುವವರಿಗೆ ಅಪಾಯವೂ ಒಮ್ಮೊಮ್ಮೆ ಮೊದಲು ತಟ್ಟುತ್ತದೆ. 1994ರಲ್ಲಿ ಪೆಂಟಿಯಂ ಎಂದರೆ ಎಲ್ಲಕ್ಕಿಂತ ಮೇಲಿನದು. ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅದರ ಭಾಗಾಕಾರದಲ್ಲಿ ತಪ್ಪು ಹಿಡಿದರು. 41,95,835ನ್ನು 31,45,727ರಿಂದ ಭಾಗಿಸಿದರೆ ನಾಲ್ಕನೆಯ ದಶಾಂಶ ಸ್ಥಾನದಲ್ಲೇ ಉತ್ತರ ತಪ್ಪಾಗುತ್ತಿತ್ತು. ಹಳೆಯ 486 ಇಟ್ಟುಕೊಂಡವರಿಗೆ ಈ ತೊಂದರೆ ಇರಲಿಲ್ಲ. ಇಂಟೆಲ್ ಕೊನೆಗೆ ಚಿಪ್ ಬದಲಿಸಿಕೊಡಲು ಒಪ್ಪಿ 47.5 ಕೋಟಿ ಡಾಲರ್ ಹೊರೆ ಹೊತ್ತಿತು. 2024ರಲ್ಲಿ ಅದರ 13 ಮತ್ತು 14ನೇ ಪೀಳಿಗೆಯ ಮೇಜಿನ ಚಿಪ್‌ಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್‌ನಿಂದ ಹಾಳಾಗುತ್ತಿವೆ ಎಂದು ಗೊತ್ತಾಯಿತು. ದೂರುಗಳು ಹೆಚ್ಚಾಗಿ ಬಂದದ್ದು ಐ9 ಕೊಂಡವರಿಂದ. ಕಂಪನಿ ಸರಿಪಡಿಸುವ ತಂತ್ರಾಂಶ ಹಂಚಿತು, ಖಾತರಿಯನ್ನು ಎರಡು ವರ್ಷ ಮುಂದುವರಿಸಿತು.

‘ಒಂದೇ ಸಲ ಒಳ್ಳೆಯದು’

ಪಾಲಕರ ಬಲವಾದ ವಾದ ಬೇರೆ ಇದೆ. ‘ಒಂದೇ ಸಲ ಒಳ್ಳೆಯದು ಕೊಂಡರೆ ಬಹಳ ವರ್ಷ ಬರುತ್ತದೆ.’ ಹಿತ್ತಾಳೆ ಪಾತ್ರೆಗೆ, ತೇಗದ ಮಂಚಕ್ಕೆ ಈ ಮಾತು ನೂರಕ್ಕೆ ನೂರು ನಿಜ. ಪ್ರೊಸೆಸರಿಗೆ ನಿಜವೇ ಎಂಬುದನ್ನು ಇತಿಹಾಸವೇ ಹೇಳುತ್ತದೆ.

2010ರಲ್ಲಿ ಆರು ಕೋರ್‌ಗಳ ‘ಐ7-980ಎಕ್ಸ್’ ಬೆಲೆ 999 ಡಾಲರ್. 2017ರಲ್ಲಿ ಆರು ಕೋರ್‌ಗಳ ‘ರೈಜನ್ 5 1600’ ಬೆಲೆ 219 ಡಾಲರ್. 2016ರಲ್ಲಿ ಹತ್ತು ಕೋರ್‌ಗಳ ‘ಐ7-6950ಎಕ್ಸ್’ಗೆ 1,723 ಡಾಲರ್ ಕೇಳುತ್ತಿದ್ದರು, ಮೂರೇ ವರ್ಷದಲ್ಲಿ, 2019ರಲ್ಲಿ, ಹನ್ನೆರಡು ಕೋರ್‌ಗಳ ‘ರೈಜನ್ 9 3900ಎಕ್ಸ್’ 499 ಡಾಲರಿಗೆ ಬಂತು. ಇಂದಿನ ತುದಿ ಕೆಲವೇ ವರ್ಷಗಳಲ್ಲಿ ನಡುಮೆಟ್ಟಿಲಾಗುತ್ತದೆ.

ಇನ್ನೊಂದು ಸಂಗತಿ ಇನ್ನೂ ಕಟುವಾದದ್ದು. ಮೈಕ್ರೊಸಾಫ್ಟ್ 2021ರಲ್ಲಿ ವಿಂಡೋಸ್ 11 ತಂದಾಗ ಅದು ಯಾವ ಯಾವ ಪ್ರೊಸೆಸರ್‌ಗಳಿಗೆ ಅನ್ವಯ ಎಂಬ ಪಟ್ಟಿ ಕೊಟ್ಟಿತು. 1,723 ಡಾಲರಿನ ಆ 2016ರ ಚಿಪ್ ಪಟ್ಟಿಯಲ್ಲಿ ಇರಲಿಲ್ಲ. 2018ರ ಅಗ್ಗದ ಸೆಲೆರಾನ್ ‘ಜಿ4900’ ಇತ್ತು. ಬಲದಲ್ಲಿ ಅದು ಇದರ ಹತ್ತಿರಕ್ಕೂ ಬಾರದು. ಆದರೂ ಪಟ್ಟಿ ನೋಡಿದ್ದು ಬಲವನ್ನಲ್ಲ, ಪೀಳಿಗೆಯನ್ನು. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲಿನಕ್ಸ್ ಹಾಕಿಕೊಂಡರೆ ಅಂಥ ಯಂತ್ರಗಳು ಈಗಲೂ ಚೆನ್ನಾಗಿ ದುಡಿಯುತ್ತವೆ ಎಂಬುದು ಬೇರೆ ಮಾತು. ಹಳೆಯ ಪೀಳಿಗೆಯ ತುದಿಗಿಂತ ಹೊಸ ಪೀಳಿಗೆಯ ನಡುವು ಲೇಸು ಎಂಬುದೇ ಇಲ್ಲಿಯ ಪಾಠ. ಅಂಗಡಿಯಲ್ಲಿ ‘ಸ್ಟಾಕ್ ಖಾಲಿ ಮಾಡಲು’ ರಿಯಾಯಿತಿಯಲ್ಲಿ ಕೊಡುವ ಹಳೆಯ ಐ9 ಮುಂದೆ ನಿಂತಾಗ ಇದನ್ನು ನೆನೆಯಬೇಕು.

ಬೇಕಾದವರು ಯಾರು?

ಹಾಗೆಂದು ದುಬಾರಿ ಚಿಪ್ ಯಾರಿಗೂ ಬೇಡವೆಂದಲ್ಲ. ವಾಸ್ತುಶಿಲ್ಪ, ಅನಿಮೇಷನ್ ಓದುವವರು ಬ್ಲೆಂಡರಿನಂಥ ತಂತ್ರಾಂಶದಲ್ಲಿ ಚಿತ್ರಗಳನ್ನು ಪೂರ್ಣರೂಪಕ್ಕೆ ತರುವಾಗ ಕೆಲಸ ಕೋರ್‌ಗಳ ನಡುವೆ ಚೆನ್ನಾಗಿ ಹಂಚಿಹೋಗುತ್ತದೆ. ವಿಡಿಯೊ ಸಂಕಲನ ಮಾಡಿ ಗಳಿಸುವವರಿಗೆ, ಲಕ್ಷಾಂತರ ಸಾಲುಗಳ ತಂತ್ರಾಂಶವನ್ನು ದಿನಕ್ಕೆ ಹಲವು ಬಾರಿ ಕಂಪೈಲ್ ಮಾಡುವವರಿಗೆ ಕಾಯುವ ಒಂದೊಂದು ಗಂಟೆಗೂ ಬೆಲೆಯಿದೆ. ಅವರಿಗೆ ತುದಿಯ ಚಿಪ್ ಕೆಲವೇ ತಿಂಗಳಲ್ಲಿ ತನ್ನ ಹಣ ತಾನೇ ತೀರಿಸೀತು. ಅಂಥ ಕೋರ್ಸ್ ಹಿಡಿದ ಮಗಳಿಗೆ ‘ಎಲ್ಲ ಒಂದೇ’ ಎಂದು ಅಗ್ಗದ್ದನ್ನು ಕೊಡಿಸುವುದೂ ತಪ್ಪೇ.

ಕೃತಕ ಬುದ್ಧಿಮತ್ತೆಯ ಕಲಿಕೆಗೆ ಐ9 ಬೇಕು ಎಂಬ ಮಾತು ಈಗ ಹೆಚ್ಚು ಕೇಳುತ್ತದೆ. ಆ ಲೆಕ್ಕದ ಭಾರ ಹೊರುವುದು ಬಹುಪಾಲು ಗ್ರಾಫಿಕ್ಸ್ ಚಿಪ್, ಮುಖ್ಯ ಪ್ರೊಸೆಸರ್ ಅಲ್ಲ. ಆರಂಭದ ಪಾಠಗಳಿಗೆ ಗೂಗಲ್ ಕೊಲ್ಯಾಬ್‌ನಂಥ ಸೇವೆಗಳುಂಟು. ಅಲ್ಲಿ ದುಡಿಯುವುದು ದೂರದ ಯಂತ್ರ, ಮನೆಯದು ಬರೀ ಕಿಟಕಿ.

ಒಂದೇ ಚಿಪ್ ಒಬ್ಬರಿಗೆ ಬಂಗಾರ, ಇನ್ನೊಬ್ಬರಿಗೆ ದಂಡ ಎನ್ನುವುದಕ್ಕೆ ಎಎಂಡಿಯ ‘5800ಎಕ್ಸ್3ಡಿ’ ಒಳ್ಳೆಯ ನಿದರ್ಶನ. 2022ರಲ್ಲಿ 449 ಡಾಲರಿಗೆ ಬಂದ ಇದರಲ್ಲಿ ಒಳಸ್ಮೃತಿ 96 ಮೆಗಾಬೈಟ್. ಅದರ ಅಣ್ಣ ‘5800ಎಕ್ಸ್’ನಲ್ಲಿದ್ದದ್ದು 32. ಹಲವು ಆಟಗಳಲ್ಲಿ ಇದು ತನಗಿಂತ ದುಬಾರಿಯಾದ ಚಿಪ್‌ಗಳನ್ನು ಸರಿಗಟ್ಟಿತು. ಆದರೆ ಗರಿಷ್ಠ ವೇಗ ಅಣ್ಣನಿಗಿಂತ ಕಡಿಮೆ. ಪತ್ರ ಬರೆಯುವವರಿಗೆ, ಲೆಕ್ಕಪತ್ರ ಇಡುವವರಿಗೆ ಅದರಿಂದ ಬಂದದ್ದು ಸೊನ್ನೆ.

ಮನೆಯಲ್ಲೇ ಒಂದು ಪರೀಕ್ಷೆ

ಮನೆಯಲ್ಲೋ ಕಾಲೇಜಿನಲ್ಲೋ ವಿಂಡೋಸ್ ಕಂಪ್ಯೂಟರ್ ಇದ್ದರೆ ವಿದ್ಯಾರ್ಥಿಗಳೇ ಪರೀಕ್ಷೆ ಮಾಡಬಹುದು. ಎಂದಿನಂತೆ ಕೆಲಸ ಮಾಡುತ್ತ, ನಿಧಾನವಾಯಿತು ಎನಿಸಿದ ಹೊತ್ತಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು, ಮೆಮರಿ, ಡಿಸ್ಕ್ ಎಷ್ಟೆಷ್ಟು ದುಡಿಯುತ್ತಿವೆ ಎಂಬುದು ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ. ಮೆಮರಿ 90 ದಾಟಿದ್ದು ಸಿಪಿಯು 20ರಲ್ಲಿದ್ದರೆ ಬೇಕಾದ್ದು ಮೆಮರಿ. ಡಿಸ್ಕ್ 100 ಮುಟ್ಟಿದ್ದರೆ ಬೇಕಾದ್ದು ಎಸ್‌ಎಸ್‌ಡಿ. ಸಿಪಿಯು 90ರ ಮೇಲೆ ನಿಮಿಷಗಟ್ಟಲೆ ನಿಂತಿದ್ದರೆ ಆಗ ಹೆಚ್ಚು ಕೋರ್‌ಗಳ ಚಿಪ್ ಬಗ್ಗೆ ಯೋಚಿಸಬಹುದು.

ಒಂದು ಎಚ್ಚರ ಬೇಕು. ಏಕಕಾಲಕ್ಕೆ ಎಂಟು ಕೆಲಸ ಮಾಡಬಲ್ಲ ಚಿಪ್‌ನಲ್ಲಿ ಒಂದೇ ಗುಮಾಸ್ತ ಪೂರ್ತಿ ದುಡಿಯುತ್ತಿದ್ದು ಉಳಿದವರು ಸುಮ್ಮನಿದ್ದರೆ ಸಿಪಿಯು ಅಂಕಿ 12 ಅಥವಾ 13ರಲ್ಲೇ ನಿಲ್ಲುತ್ತದೆ. ಆಗ ಬೇಕಾದ್ದು ಹೊಸ ಪೀಳಿಗೆಯ, ಒಂದೊಂದು ಕೋರ್ ಚುರುಕಾಗಿರುವ ಚಿಪ್; ಹೆಚ್ಚು ಕೋರ್‌ಗಳ ದುಬಾರಿ ಚಿಪ್‌ನಿಂದ ಆ ಕೆಲಸಕ್ಕೆ ಉಪಯೋಗವಿಲ್ಲ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯವರೆಲ್ಲ ಕೂತು ಮೂರು ಮಾತು ಬರೆದುಕೊಳ್ಳಲಿ: ಕೋರ್ಸಿಗೆ ಬೇಕಾದ ತಂತ್ರಾಂಶಗಳು ಯಾವುವು, ಆ ತಂತ್ರಾಂಶದ ತಯಾರಕರು ಸೂಚಿಸಿದ ಯಂತ್ರ ಎಂಥದ್ದು, ಒಟ್ಟು ಕೊಡಬಹುದಾದ ಹಣ ಎಷ್ಟು. ಇತ್ತೀಚಿನ ಪೀಳಿಗೆಯ ನಡುಮೆಟ್ಟಿಲಿನ ಪ್ರೊಸೆಸರ್, ಸಾಕಷ್ಟು ಮೆಮರಿ, ಎಸ್‌ಎಸ್‌ಡಿ, ಕಣ್ಣಿಗೆ ಹಿತವಾದ ಪರದೆ, ಊರಿನ ಹತ್ತಿರ ಸಿಗುವ ರಿಪೇರಿ ಸೌಲಭ್ಯ – ಇಷ್ಟಾದ ಮೇಲೂ ಹಣ ಉಳಿದರೆ ಆಗ ತುದಿಯ ಕಡೆ ನೋಡಬಹುದು. ಸಾಲ ಮಾಡಿಯಂತೂ ಆ ಮೆಟ್ಟಿಲು ಏರಬೇಕಾದ್ದಿಲ್ಲ.

ವಿದ್ಯಾರ್ಥಿಗಳು ತಿಳಿಯಬೇಕಾದ್ದು ಇನ್ನೊಂದಿದೆ. 2008ರಲ್ಲಿ ಇಂಟೆಲ್ ತಂದ ಆರು ಕೋರ್‌ಗಳ ‘ಡನಿಂಗ್‌ಟನ್’ ಜಿಯಾನ್ ಚಿಪ್ ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದೂ ಅಲ್ಲೇ. ಇಂಥ ಕೆಲಸಕ್ಕೆ ಸೇರಬೇಕೆನ್ನುವವರನ್ನು ಸಂದರ್ಶನದಲ್ಲಿ ಪರೀಕ್ಷಿಸುವುದು ಅವರ ತಿಳಿವಳಿಕೆಯನ್ನು. ಓದುವಾಗ ಅವರ ಚೀಲದಲ್ಲಿದ್ದದ್ದು ಐ5 ಯಂತ್ರವೋ ಐ9 ಯಂತ್ರವೋ ಎಂದು ಅಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಕ್ಕದವರ ಯಂತ್ರದ ಅಂಟುಚೀಟಿ ಕಂಡು ಮನಸ್ಸು ಕುಗ್ಗಿಸಿಕೊಳ್ಳುವ ಹುಡುಗ ಹುಡುಗಿಯರಿಗೆ ಪಾಲಕರು ಹೇಳಬೇಕಾದ ಮಾತು ಇದು.